ಕಾಯ್ಲೋವರ್: ಯಾವುದು ತಗೋಬೇಕು, ಹೇಗೆ ಕೂರಿಸ್ಬೇಕು, ಹೇಗೆ ಸೆಟ್ ಮಾಡ್ಬೇಕು

ಕಾಯ್ಲೋವರ್ ಅಂದ್ರೆ ಕಾರಿನ ಸ್ಪ್ರಿಂಗು ಮತ್ತೆ ಶಾಕ್ ಅಬ್ಸಾರ್ಬರ್ (ಶಾಕು) ಬದಲಿಗೆ ಹಾಕೋ, ಹೈಟ್ ಬೇಕಾದ ಹಾಗೆ ಏರಿಸಿ ಇಳಿಸೋಕಾಗೋ ಕಿಟ್ಟು. ವಾರಕ್ಕೆ ಒಬ್ರಾದ್ರೂ ಇದರ ಬಗ್ಗೆ ಕೇಳ್ತಾರೆ. ಪೋಲೋ ಜಿಟಿ ಇದೆ, ಸ್ವಿಫ್ಟ್ ಇದೆ, ಕಾಯ್ಲೋವರ್ ಹಾಕ್ಸೋಣ ಅಂತಿದೀನಿ, ಯಾವ ಕಂಪನಿದು ಒಳ್ಳೇದು, ಎಷ್ಟು ಇಳಿಸ್ಲಿ, ಎಷ್ಟು ಕ್ಲಿಕ್ (ಶಾಕಿನ ಬಿಗಿ ತಿದ್ದೋ ನಾಬಿನ ಹೆಜ್ಜೆ) ಇಡ್ಲಿ ಅಂತ. ಕಂಪನಿ ಹೆಸರು ಹೇಳಿಬಿಡೋದು ಸುಲಭ, ಆದ್ರೆ ಅದೇ ಕಿಟ್ಟು ಒಬ್ಬರ ಕಾರಲ್ಲಿ ನೆಟ್ಟಗೆ ರೋಡಿಗೆ ಅಂಟ್ಕೊಂಡು ಹೋಗತ್ತೆ, ಇನ್ನೊಬ್ಬರ ಕಾರಲ್ಲಿ ಒಂದೊಂದು ಹಂಪಿಗೂ ಸೊಂಟ ಮುರಿಯತ್ತೆ, ಕಿಟ್ಟಲ್ಲಿ ಏನೂ ವ್ಯತ್ಯಾಸ ಇರಲ್ಲ, ಸೆಟಪ್ಪಲ್ಲಿ ಇರತ್ತೆ. ಅದಕ್ಕೇ ಒಂದೇ ಸಲ ಕೂತು ಎಲ್ಲಾ ಬರ್ದಿಟ್ಟಿದೀನಿ.

ಒಂದು ಮಾತು ತಲೇಲಿ ಇಟ್ಕೊಂಡೇ ಮುಂದೆ ಓದಿ. ಸಸ್ಪೆನ್ಷನ್ನಲ್ಲಿ ನಿಮ್ಮ ಹತ್ರ ಇರೋ ಆಸ್ತಿ ಅಂದ್ರೆ ಟ್ರಾವೆಲ್, ಅಂದ್ರೆ ಚಕ್ರ ಮೇಲೆ ಕೆಳಗೆ ಆಡೋಕೆ ಇರೋ ಜಾಗ. ಕಾರು ಇಳಿಸಿದಷ್ಟೂ ಆ ಆಸ್ತಿ ಕರಗತ್ತೆ. ಕೆಳಗೆ ಬರೆದಿರೋ ಎಲ್ಲಾ ಹಂತಾನೂ ಇದನ್ನ ಎಷ್ಟು ಉಳಿಸ್ಕೋಬೇಕು, ಎಲ್ಲಿ ಖರ್ಚು ಮಾಡ್ಬೇಕು ಅನ್ನೋ ಲೆಕ್ಕಾನೇ.

ಉದಾಹರಣೆಗೆ ಒಂದು ಕಾರು ಇಟ್ಕೊಳೋಣ. ಪೋಲೋ ಜಿಟಿ ಟಿಎಸ್ಐ ಥರದ್ದು, ಸುಮಾರು 1100 ಕೆ.ಜಿ., ಫ್ರಂಟ್ ವೀಲ್ ಡ್ರೈವ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಸ್ಪ್ರಿಂಗು ಶಾಕು ಎರಡೂ ಒಂದೇ ಕಂಬದಲ್ಲಿ. ಹಿಂದೆ ಟ್ವಿಸ್ಟ್ ಬೀಮ್, ಅಂದ್ರೆ ಎಡ ಬಲ ಚಕ್ರ ಸೇರಿಸೋ ಒಂದು ತಿರುಚೋ ತೊಲೆ, ಅಲ್ಲಿ ಸ್ಪ್ರಿಂಗೇ ಬೇರೆ ಶಾಕೇ ಬೇರೆ. ಸ್ವಿಫ್ಟಲ್ಲೂ ಇದೇ ವ್ಯವಸ್ಥೆ. ವಾರದಲ್ಲಿ ಐದು ದಿನ ಬೆಂಗಳೂರಲ್ಲಿ ಆಫೀಸಿಗೆ ಓಡಾಡತ್ತೆ, ವರ್ಷಕ್ಕೆ ಮೂರ್ನಾಕು ಸಲ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಹೋಗತ್ತೆ. ಇದರಲ್ಲೇ ಒಂದು ವಿಷ್ಯ ಅಡಗಿದೆ ನೋಡಿ, ಆ ಎರಡು ಕಡೆಗೂ ಬೆಂಗಳೂರಿಂದ 300 ಕಿಲೋಮೀಟರಿಗಿಂತ ಜಾಸ್ತಿ, ಟ್ರಕ್ಕಲ್ಲಿ ಸಾಗಿಸಲ್ಲ ನಾವು, ಓಡಿಸ್ಕೊಂಡೇ ಹೋಗಿ ಓಡಿಸ್ಕೊಂಡೇ ಬರ್ತೀವಿ. ಹಾಗಾಗಿ ಬರೀ ಟ್ರ್ಯಾಕಿಗೆ ಅಂತ ಸೆಟ್ ಮಾಡಿದ ಕಾರು ನಮಗೆ ಕೆಲಸಕ್ಕೆ ಬರಲ್ಲ.

1. ಮೊದಲು ಕಾಯ್ಲೋವರ್ ಬೇಕಾ ನೋಡ್ಕೊಳಿ

60-70 ಸಾವಿರ ಕಿಲೋಮೀಟರ್ ಓಡಿರೋ ಕಾರಾದ್ರೆ ಹಳೇ ಶಾಕು, ಟಾಪ್ ಮೌಂಟು, ಲೋವರ್ ಆರ್ಮ್ (ಚಕ್ರಾನ ಕೆಳಗಡೆಯಿಂದ ಹಿಡಿಯೋ ತೋಳು) ಬುಷ್ಷು (ಅದರ ಕೀಲಲ್ಲಿರೋ ರಬ್ಬರು) ಸುಸ್ತಾಗಿರೋ ಸಾಧ್ಯತೆ ಜಾಸ್ತಿ. ಟಾಪ್ ಮೌಂಟ್ ಅಂದ್ರೆ ಸ್ಟ್ರಟ್ಟಿನ ತಲೆ ಕಾರಿನ ಬಾಡೀಲಿ ಕೂರೋ ಜಾಗದಲ್ಲಿರೋ ರಬ್ಬರು ಮತ್ತೆ ಬೇರಿಂಗು. ಇವನ್ನ ಹೊಸದು ಮಾಡಿ ಒಳ್ಳೇ ಟೈರ್ ಹಾಕಿ ಒಂದು ತಿಂಗಳು ಓಡಿಸಿ, ಎಷ್ಟೋ ಜನಕ್ಕೆ ಅಲ್ಲಿಗೇ ಸಾಕಾಗತ್ತೆ. ಬರೀ ಸ್ವಲ್ಪ ಕೆಳಗೆ ಕೂರ್ಬೇಕು, ಸ್ವಲ್ಪ ಬಿಗಿ ಬೇಕು ಅಂದ್ರೆ ಹೊಂದಾಣಿಕೆ ಆಗಿರೋ ಸ್ಪ್ರಿಂಗು-ಶಾಕಿನ ಸೆಟ್ಟು, ಬಿಲ್‌ಸ್ಟೀನ್ ಬಿ12 ಥರದ್ದು, ಕಮ್ಮಿ ತಲೆನೋವಿಂದು. ಹೈಟ್ ಬದಲಾಯಿಸ್ತಾ ಇರ್ಬೇಕು, ನಾಲ್ಕು ಮೂಲೆ ತೂಕ ಹೊಂದಿಸ್ಬೇಕು, ಟ್ರ್ಯಾಕಿಗೊಂದು ರೋಡಿಗೊಂದು ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತ ತಡೆಯೋ ಶಾಕಿನ ಬಿಗಿ) ಬೇಕು ಅನ್ನೋರಿಗೆ ಮಾತ್ರ ಕಾಯ್ಲೋವರ್.

ಎರಡು ವಸ್ತು ಮಾತ್ರ ಯಾವ ಕಾರಣಕ್ಕೂ ಬೇಡ. ಒಂದು, ಇರೋ ಸ್ಪ್ರಿಂಗನ್ನೇ ಕತ್ತರಿಸೋದು. ಎರಡು, ಸ್ಟಾಕ್, ಅಂದ್ರೆ ಕಾರಿನ ಜೊತೆ ಬಂದ, ಶಾಕಿನ ಮೇಲೆ ಥ್ರೆಡ್ ಇರೋ ಕೊಳವೆ ಸಿಕ್ಕಿಸಿ ಗಿಡ್ಡ ಸ್ಪ್ರಿಂಗ್ ಕೂರಿಸೋ "ಯೂನಿವರ್ಸಲ್" ಸ್ಲೀವ್ ಕಿಟ್ಟು. ಎರಡರಲ್ಲೂ ಶಾಕಿನ ಉದ್ದ ಸ್ಟಾಕಿಂದೇ ಇರತ್ತೆ, ಡ್ಯಾಂಪಿಂಗೂ ಹಳೇ ಮೆತ್ತಗಿನ ಸ್ಪ್ರಿಂಗಿಗೆ ಮಾಡಿದ್ದು, ಚಕ್ರ ಜೋತಾಡಿದಾಗ ಸ್ಪ್ರಿಂಗು ಜಾಗ ಬಿಟ್ಟು ಹೊರಳತ್ತೆ.

ಕಾನೂನು ಮತ್ತೆ ಇನ್ಶೂರೆನ್ಸ್ ಕೂಡ ಇಲ್ಲೇ ಯೋಚ್ನೆ ಮಾಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಮಾಡಿಫಿಕೇಶನ್ ಬಗ್ಗೆನೇ ಇರೋದು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಬಿಗಿಯಾಗೇ ಓದಿದೆ. ಇನ್ಶೂರೆನ್ಸ್ ಕಂಪನಿಗೆ ಬರವಣಿಗೇಲಿ ತಿಳಿಸಿ, ಬಿಚ್ಚಿದ ಸ್ಟಾಕ್ ಪಾರ್ಟ್ ಒಂದೂ ಮಾರ್ಬೇಡಿ, ಎಣ್ಣೆ ಸವರಿ ಗೋಣೀಲಿ ಕಟ್ಟಿ ಅಟ್ಟದ ಮೇಲೆ ಇಡಿ.

2. ಸ್ಪ್ರಿಂಗ್ ರೇಟ್ ಲೆಕ್ಕ ಹಾಕಿ

ಜನ ಎಡವೋದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಸ್ಪ್ರಿಂಗ್ ರೇಟ್ ಅಂದ್ರೆ ಸ್ಪ್ರಿಂಗನ್ನ 1 ಎಂಎಂ ಅದುಮೋಕೆ ಎಷ್ಟು ಭಾರ ಬೇಕು ಅನ್ನೋದು. ಜಪಾನು ತೈವಾನ್ ಕಿಟ್ಟುಗಳು ಕೆ.ಜಿ. ಲೆಕ್ಕದಲ್ಲಿ ಹೇಳ್ತಾರೆ, ಯುರೋಪಿನೋರು ನ್ಯೂಟನ್ನಲ್ಲಿ, ಅಮೆರಿಕದೋರು ಇಂಚಿಗೆ ಪೌಂಡಲ್ಲಿ. ಎಂಎಂಗೆ 1 ಕೆ.ಜಿ. ಅಂದ್ರೆ ಹತ್ರತ್ರ 9.8 ನ್ಯೂಟನ್, ಇಂಚಿಗೆ 56 ಪೌಂಡ್. ಹೋಲಿಸೋ ಮುಂಚೆ ಎಲ್ಲಾನೂ ಒಂದೇ ಅಳತೆಗೆ ತನ್ನಿ.

ಈಗ ನಮ್ಮ ಕಾರಿನ ಮುಂದಿನ ಒಂದು ಮೂಲೆ. ಇಂಜಿನ್ ಮುಂದಿದೆ, ಚಕ್ರ, ಬ್ರೇಕು, ಹಬ್ಬು (ಚಕ್ರ ಕೂರೋ ನಡುಭಾಗ) ಕಳೆದು ಸ್ಪ್ರಿಂಗಿನ ಮೇಲೆ ಕೂರೋ ಭಾರ ಸುಮಾರು 300 ಕೆ.ಜಿ. ಅಂತ ಹಿಡೀರಿ. 3 ಕೆ.ಜಿ. ಸ್ಪ್ರಿಂಗ್ ಹಾಕಿದ್ರೆ ಆ ಮೂಲೆ ಸೆಕೆಂಡಿಗೆ ಸುಮಾರು 1.6 ಸಲ ಮೇಲೆ ಕೆಳಗೆ ಆಡೋ ಸ್ವಭಾವದ್ದಾಗತ್ತೆ. ಇದನ್ನ ರೈಡ್ ಫ್ರೀಕ್ವೆನ್ಸಿ ಅಂತಾರೆ. 5 ಕೆ.ಜಿ. ಹಾಕಿದ್ರೆ 2 ಸಲ. ಮಾಮೂಲಿ ಫ್ಯಾಮಿಲಿ ಕಾರುಗಳು 1ರಿಂದ 1.5ರ ಒಳಗೆ ಇರ್ತವೆ, ರೋಡಲ್ಲೇ ಓಡೋ ಚುರುಕು ಕಾರಿಗೆ 1.5ರಿಂದ 2, ಅದರ ಮೇಲೆ ಹೋದ್ರೆ ಟ್ರ್ಯಾಕಿಂದೇ ಲೋಕ. ನನ್ನ ಅಭಿಪ್ರಾಯ ಕೇಳಿದ್ರೆ ಇಂಥ ಕಾರಿಗೆ ನಮ್ಮ ರೋಡಲ್ಲಿ ಮುಂದೆ 3ರಿಂದ 4 ಕೆ.ಜಿ., ಟ್ರ್ಯಾಕ್ ಹುಚ್ಚು ಜಾಸ್ತಿ ಇದ್ರೆ 5, ಅಲ್ಲಿಗೆ ನಿಲ್ಲಿಸಿ. 8 ಕೆ.ಜಿ. ಸ್ಪ್ರಿಂಗು ನುಣುಪಾದ ಟ್ರ್ಯಾಕಲ್ಲಿ ರೇಸ್ ಟೈರ್ ಹಾಕಿದಾಗ ಕೆಲಸ ಮಾಡತ್ತೆ, ನಮ್ಮ ರಿಂಗ್ ರೋಡಲ್ಲಿ ಟೈರು ರೋಡು ಬಿಟ್ಟು ಕುಪ್ಪಳಿಸತ್ತೆ ಅಷ್ಟೇ, ಕುಪ್ಪಳಿಸೋ ಟೈರಿಗೆ ಎಲ್ಲಿಂದ ಬರ್ಬೇಕು ಹಿಡಿತ.

ಹಿಂದಿನ ಸ್ಪ್ರಿಂಗಿನ ನಂಬರನ್ನ ಮುಂದಿನ ಜೊತೆ ನೇರವಾಗಿ ಹೋಲಿಸ್ಬೇಡಿ. ಹಿಂದಿನ ಸ್ಪ್ರಿಂಗು ಚಕ್ರದ ನೆತ್ತಿ ಮೇಲೆ ಇರಲ್ಲ, ಬೀಮಿನ ಮೇಲೆ ಎಲ್ಲೋ ಒಳಗಡೆ ಕೂತಿರತ್ತೆ. ಚಕ್ರ 1 ಇಂಚು ಮೇಲೆ ಹೋದ್ರೆ ಸ್ಪ್ರಿಂಗು ಮುಕ್ಕಾಲು ಇಂಚು ಅದುಮತ್ತೆ ಅಂತ ಇಟ್ಕೊಳಿ, ಈ ಅನುಪಾತಕ್ಕೆ ಮೋಷನ್ ರೇಶಿಯೋ ಅಂತ ಹೆಸರು. ಚಕ್ರಕ್ಕೆ ಸಿಗೋ ಬಿಗಿ ಲೆಕ್ಕ ಹಾಕ್ಬೇಕಾದ್ರೆ ಈ ಅನುಪಾತದ ವರ್ಗದಿಂದ ಗುಣಿಸ್ಬೇಕು, ಅಂದ್ರೆ 0.75 ಇಂಟು 0.75. ಡಬ್ಬದ ಮೇಲೆ 6 ಕೆ.ಜಿ. ಅಂತ ಬರೆದಿರೋ ಹಿಂದಿನ ಸ್ಪ್ರಿಂಗು ಚಕ್ರದ ಹತ್ರ ಬರೀ 3.4 ಕೆ.ಜಿ. ಆಗತ್ತೆ. ಮುಂದೆ 5 ಹಿಂದೆ 6 ಇದೆ, ಹಿಂದೆ ಕಲ್ಲಾಗ್ಬಿಡತ್ತೆ ಅಂತ ಹೆದರಿ ಒಳ್ಳೇ ಕಿಟ್ಟನ್ನ ಬಿಟ್ಟೋರಿದಾರೆ. ಹಿಂದಿನ ಮೂಲೇಲಿ 180 ಕೆ.ಜಿ. ಕೂತಿದ್ರೆ ಆ 3.4ಕ್ಕೆ ಬರೋದು ಸೆಕೆಂಡಿಗೆ ಸುಮಾರು 2.2, ಮುಂದಿನ 2ಕ್ಕಿಂತ ಸ್ವಲ್ಪ ಜಾಸ್ತಿ. ಅದು ಹಾಗೇ ಇರ್ಬೇಕು. ಹಂಪು ಮೊದಲು ಮುಂದಿನ ಚಕ್ರಕ್ಕೆ ಸಿಗತ್ತೆ, ಸ್ವಲ್ಪ ಹೊತ್ತಾದ್ಮೇಲೆ ಹಿಂದಿನದಕ್ಕೆ, ಹಿಂದುಗಡೆ ಸ್ವಲ್ಪ ಚುರುಕಾಗಿದ್ರೆ ಅದು ಮುಂದಿನದನ್ನ ಬೇಗ ಹಿಡ್ಕೊಂಡು ಕಾರು ತೂಗುಕುರ್ಚಿ ಥರ ಆಡೋದು ನಿಲ್ಲತ್ತೆ. ಮಾರಿಸ್ ಒಲಿ ಅನ್ನೋ ಇಂಜಿನಿಯರು 1930ರ ದಶಕದಲ್ಲಿ ಜನರಲ್ ಮೋಟರ್ಸಲ್ಲಿ ಕೆಲಸ ಮಾಡ್ತಾ ಇದನ್ನ ತೋರಿಸ್ಕೊಟ್ಟಿದ್ದು, ಇವತ್ತಿಗೂ ಅದೇ ಲೆಕ್ಕ ನಡೀತಿದೆ.

3. ಕಿಟ್ ಆರಿಸೋವಾಗ ಕೇಳ್ಬೇಕಾದ ಪ್ರಶ್ನೆಗಳು

ಡ್ಯಾಂಪಿಂಗ್ ಅಡ್ಜಸ್ಟ್ ಆಗತ್ತಾ? ಡ್ಯಾಂಪಿಂಗ್ ಅಂದ್ರೆ ಸ್ಪ್ರಿಂಗಿನ ಕುಣಿತಕ್ಕೆ ಶಾಕು ಹಾಕೋ ಕಡಿವಾಣ. ಅದುಮೋವಾಗ ಸಿಗೋದು ಕಂಪ್ರೆಷನ್, ಬಿಚ್ಕೊಳೋವಾಗ ಸಿಗೋದು ರಿಬೌಂಡ್. ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಡ್ಯಾಂಪಿಂಗ್ ಫ್ಯಾಕ್ಟರೀಲೇ ಫಿಕ್ಸು, ವೇರಿಯಂಟ್ 2ರಲ್ಲಿ ರಿಬೌಂಡ್ ತಿರುಗಿಸ್ಬೋದು, 3ರಲ್ಲಿ ಎರಡೂ. ಬಿಲ್‌ಸ್ಟೀನಲ್ಲಿ ಬಿ14 ಫಿಕ್ಸು, ಬಿ16 ಅಡ್ಜಸ್ಟ್ ಆಗೋದು. ಬಿಸಿ ರೇಸಿಂಗ್ ಬಿಆರ್ ಸೀರೀಸಲ್ಲಿ ಒಂದೇ ನಾಬು, 30 ಕ್ಲಿಕ್ಕು. ನಾಬು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಅನ್ಕೋಬೇಡಿ, ಚೆನ್ನಾಗಿ ಟ್ಯೂನ್ ಮಾಡಿರೋ ಫಿಕ್ಸ್ ಡ್ಯಾಂಪರು ತಪ್ಪಾಗಿ ತಿರುಗಿಸಿರೋ ಎರಡು ನಾಬಿಗಿಂತ ಸಾವಿರ ಪಾಲು ವಾಸಿ. ಮೊದಲನೇ ಕಾಯ್ಲೋವರ್ ಆಗಿದ್ರೆ ಫಿಕ್ಸು ಅಥವಾ ಒಂದು ನಾಬಿಂದು ತಗೊಳಿ.

ಹೈಟು ಹೇಗೆ ಬದಲಾಗತ್ತೆ? ಎರಡು ಥರ ಇದೆ. ಒಂದರಲ್ಲಿ ಸ್ಪ್ರಿಂಗಿನ ಕೆಳಗಿರೋ ರಿಂಗನ್ನೇ ಮೇಲೆ ಕೆಳಗೆ ತಿರುಗಿಸ್ತೀರ. ಇನ್ನೊಂದರಲ್ಲಿ ಶಾಕಿನ ಕೆಳಗಿನ ಬ್ರಾಕೆಟ್ಟೇ ಥ್ರೆಡ್ ಮೇಲೆ ಓಡತ್ತೆ, ಸ್ಪ್ರಿಂಗನ್ನ ಮುಟ್ಟದೇನೇ ಇಡೀ ಕಂಬದ ಉದ್ದ ಬದಲಾಗತ್ತೆ, ಶಾಕಿನ ಟ್ರಾವೆಲ್ ಹಾಗೇ ಉಳಿಯತ್ತೆ. ಎರಡನೇದು ತಿದ್ದೋಕೆ ಅನುಕೂಲ, ಆದ್ರೆ ತಿರುಗೋ ಭಾಗ ಜಾಸ್ತಿ, ಮಳೇಲಿ ಕಚ್ಕೊಳೋದೂ ಜಾಸ್ತಿ.

ಟಾಪ್ ಮೌಂಟ್ ಕಿಟ್ ಜೊತೆ ಬರತ್ತಾ, ನಮ್ಮ ಹಳೇದೇ ಹಾಕ್ಬೇಕಾ? ಪಿಲ್ಲೋಬಾಲ್ ಅಂತ ಬರೋ ಲೋಹದ ಟಾಪ್ ಮೌಂಟಲ್ಲಿ ರಬ್ಬರ್ ಇರಲ್ಲ, ಸ್ಟೀರಿಂಗ್ ನಿಖರ ಆಗತ್ತೆ, ಕ್ಯಾಂಬರೂ (ಟೈರು ಒಳಗೆ ಹೊರಗೆ ವಾಲಿರೋ ಕೋನ) ತಿದ್ಬೋದು, ಆದ್ರೆ ವರ್ಷ ಎರಡು ವರ್ಷಕ್ಕೆ ಕಟಕಟ ಅನ್ನೋಕೆ ಶುರು. ದಿನಾ ಓಡ್ಸೋ ಕಾರಿಗೆ ನಾನು ರಬ್ಬರ್ ಮೌಂಟೇ ಹೇಳೋದು. ಹಳೇ ಮೌಂಟೇ ಹಾಕೋ ಕಿಟ್ಟಾದ್ರೆ ಮೌಂಟು ಬೇರಿಂಗು ಹೊಸದು ತಗೊಳಿ, ಇಲ್ಲಿ ದುಡ್ಡು ಉಳಿಸೋಕೆ ಹೋದ್ರೆ ಆರು ತಿಂಗಳಿಗೆ ಇಡೀ ಸ್ಟ್ರಟ್ ಇನ್ನೊಂದ್ಸಲ ಬಿಚ್ಬೇಕಾಗತ್ತೆ.

ಕೊನೇದು, ಇದೇ ಮುಖ್ಯ, ರೀಬಿಲ್ಡ್ ಮಾಡಿಕೊಡ್ತಾರಾ, ಸೀಲು ಬಿಡಿಭಾಗ ಇಲ್ಲೇ ಸಿಗತ್ತಾ? ಎಷ್ಟೇ ದೊಡ್ಡ ಹೆಸರಾದ್ರೂ ಒಂದು ಸೀಲಿಗೋಸ್ಕರ ವಿದೇಶಕ್ಕೆ ಪಾರ್ಸಲ್ ಮಾಡೋ ಹಾಗಿದ್ರೆ ಎರಡು ತಿಂಗಳು ಕಾರು ಮನೇಲಿ ನಿಂತಿರತ್ತೆ.

ಸೆಕೆಂಡ್ ಹ್ಯಾಂಡ್ ಕಿಟ್ ನೋಡೋರಿಗೆ: ಶಾಕಿನ ಶಾಫ್ಟನ್ನ (ಒಳಗೆ ಹೊರಗೆ ಓಡೋ ಸರಳು) ಪೂರ್ತಿ ಒಳಗೆ ಒತ್ತಿ ಬಿಡಿ, ಗ್ಯಾಸ್ ಇರೋ ಮಾನೋಟ್ಯೂಬಾದ್ರೆ ತಾನಾಗೇ ಒಂದೇ ಸಮ ಹೊರಗೆ ಬರ್ಬೇಕು. ಮಾನೋಟ್ಯೂಬ್ ಅಂದ್ರೆ ಒಂದೇ ಕೊಳವೆ, ಪಿಸ್ಟನ್ನು ನೇರವಾಗಿ ಹೊರಗಿನ ಗೋಡೆಗೇ ಉಜ್ಕೊಂಡು ಓಡತ್ತೆ, ಹಾಗಾಗಿ ಬಾಡೀಲಿ ಒಂದು ಸಣ್ಣ ತಗ್ಗು ಬಿದ್ದಿದ್ರೂ ಅದು ಮುಗೀತು ಅಂತಾನೇ ಲೆಕ್ಕ. ಟ್ವಿನ್‌ಟ್ಯೂಬಲ್ಲಿ ಎರಡು ಕೊಳವೆ ಇರೋದ್ರಿಂದ ಕಲ್ಲೇಟು ತಡ್ಕೊಳತ್ತೆ.

4. ಕೆಲಸಕ್ಕೆ ಕೂರೋ ಮುಂಚೆ

ಬೇಕಾಗಿರೋದು: ಒಳ್ಳೇ ಜಾಕಿ, ಆಕ್ಸಲ್ ಸ್ಟ್ಯಾಂಡು, ಟಾರ್ಕ್ ರೆಂಚು (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರು), ಸಾಕೆಟ್ ಸೆಟ್ಟು, ಶಾಫ್ಟ್ ತಿರುಗದ ಹಾಗೆ ಹಿಡಿಯೋಕೆ ಅಲೆನ್ ಕೀ, ವೈರ್ ಬ್ರಷ್ಷು, ತುಕ್ಕು ಬಿಡಿಸೋ ಸ್ಪ್ರೇ, ಟೇಪು, ಒಂದು ನೋಟ್‌ಬುಕ್ಕು, ನಾಲ್ಕು ಕೇಬಲ್ ಟೈ. ರಿಂಗ್ ತಿರುಗಿಸೋ ಸಿ-ಸ್ಪ್ಯಾನರು ಕಿಟ್ ಜೊತೆ ಬರತ್ತೆ. ಆಕ್ಸಲ್ ಸ್ಟ್ಯಾಂಡ್ ಇಲ್ಲದೆ ಬರೀ ಜಾಕಿ ನಂಬ್ಕೊಂಡು ಕಾರಿನ ಕೆಳಗೆ ಕೈಯಾಗ್ಲಿ ತಲೆಯಾಗ್ಲಿ ಇಡ್ಬೇಡಿ. ಬೆಂಗಳೂರಲ್ಲಿ ಜೆಸಿ ರೋಡಿಗೆ ಹೋದ್ರೆ ಸಾಮಾನೆಲ್ಲಾ ಸಿಗತ್ತೆ.

ಸ್ಟಾಕ್ ಸ್ಪ್ರಿಂಗ್ ಬಿಚ್ಚೋ ಕೆಲಸ ಇದ್ರೆ, ಅಂದ್ರೆ ಹಳೇ ಟಾಪ್ ಮೌಂಟ್ ತೆಗೀಬೇಕಾದ್ರೆ, ಅದನ್ನ ಮನೇಲಿ ಮಾಡ್ಬೇಡಿ. ಅದುಮಿರೋ ಸ್ಪ್ರಿಂಗು ಜಾರಿದ್ರೆ ಕೈ ಮೂಳೆ ಉಳಿಯಲ್ಲ. ಗೋಡೆಗೋ ನೆಲಕ್ಕೋ ಕೂರಿಸಿರೋ ಸ್ಪ್ರಿಂಗ್ ಕಂಪ್ರೆಸರ್ ಇರೋ ಗ್ಯಾರೇಜಿಗೆ ಸ್ಟ್ರಟ್ ಹಿಡ್ಕೊಂಡು ಹೋಗಿ, ಅರ್ಧ ಗಂಟೆ ಕೆಲಸ.

ಕಾರು ಎತ್ತೋ ಮುಂಚೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಅಳತೆ ತಗೊಳಿ. ನೆಲದಿಂದ ಫೆಂಡರಿಗೆ (ಚಕ್ರದ ಮೇಲಿನ ಬಾಡಿ ಅಂಚಿಗೆ) ಅಳೀಬೇಡಿ, ಟೈರ್ ಗಾಳಿ ಕಮ್ಮಿ ಆದ್ರೂ ಅದು ಬದಲಾಗತ್ತೆ. ಹಬ್ಬಿನ ನಡುಮಧ್ಯದಿಂದ ಫೆಂಡರ್ ಅಂಚಿಗೆ, ನಾಲ್ಕೂ ಕಡೆ. ನನ್ನ ನೋಟ್‌ಬುಕ್ಕಲ್ಲಿ ಮೊದಲ ಸಾಲು ಹೀಗಿದೆ: "ಮುಂದೆ ಎಡ 374, ಮುಂದೆ ಬಲ 371, ಹಿಂದೆ ಎಡ 379, ಹಿಂದೆ ಬಲ 377, ಅರ್ಧ ಟ್ಯಾಂಕ್, ಕಾರು ಖಾಲಿ." ಎಡಕ್ಕೂ ಬಲಕ್ಕೂ ಎರಡ್ಮೂರು ಎಂಎಂ ವ್ಯತ್ಯಾಸ ಫ್ಯಾಕ್ಟರಿಯಿಂದಾನೇ ಇರತ್ತೆ, ಗಾಬರಿ ಆಗ್ಬೇಡಿ.

5. ಮುಂದಿನ ಸ್ಟ್ರಟ್ ಕೂರಿಸೋದು

ಹಿಂದಿನ ರಾತ್ರೀನೇ ಎಲ್ಲಾ ನಟ್ಟು ಬೋಲ್ಟಿಗೂ ಸ್ಪ್ರೇ ಹೊಡೆದಿಡಿ. ಮಾರನೇ ದಿನ ಬ್ರೇಕ್ ಹೋಸಿನ ಕ್ಲಿಪ್ಪು, ಎಬಿಎಸ್ ವೈರು ಸ್ಟ್ರಟ್ಟಿಂದ ಬಿಡಿಸಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ರೆ ಹೋಸಿಗೆ ನೇತುಹಾಕ್ಬೇಡಿ, ತಂತಿ ಕಟ್ಟಿ ಸುಭದ್ರವಾಗಿ ತೂಗುಬಿಡಿ. ಲೋವರ್ ಆರ್ಮ್ ಕೆಳಗೆ ಇನ್ನೊಂದು ಜಾಕಿ ಆಸರೆ ಕೊಡಿ.

ಸ್ವಿಫ್ಟ್ ಥರದ ಕಾರುಗಳಲ್ಲಿ ಸ್ಟ್ರಟ್ಟು ಹಬ್ಬಿಗೆ ಎರಡು ಬೋಲ್ಟಲ್ಲಿ ಕೂತಿರತ್ತೆ, ಬಿಚ್ಚೋ ಮುಂಚೆ ಬಿಳೀ ಪೇಂಟಲ್ಲಿ ಗುರುತು ಮಾಡ್ಕೊಳಿ, ಸ್ವಲ್ಪ ಸರಿದ್ರೂ ಕ್ಯಾಂಬರ್ ಬದಲಾಗತ್ತೆ. ಎಷ್ಟೋ ಜರ್ಮನ್ ಕಾರುಗಳಲ್ಲಿ ಸ್ಟ್ರಟ್ಟಿನ ಬುಡ ಒಂದು ಸೀಳಿರೋ ಬಳೆಯೊಳಗೆ ಇಳಿದಿರತ್ತೆ, ಆ ಸೀಳನ್ನ ಅಗಲ ಮಾಡೋ ಸ್ಪ್ರೆಡರ್ ಟೂಲ್ ಬೇಕು, ಸುತ್ತಿಗೇಲಿ ಬಡಿದು ಬಿಡಿಸೋಕೆ ಹೋದ್ರೆ ಹಬ್ಬೇ ಹಾಳು. ಸ್ಟ್ರಟ್ ಈಚೆ ಬಂದ ಕ್ಷಣ ಹಬ್ಬು ಹೊರಗಡೆಗೆ ವಾಲತ್ತೆ, ಆಗ ಅದನ್ನ ಕಟ್ಟಿ ಹಿಡೀಲಿಲ್ಲ ಅಂದ್ರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟು ಎಳ್ಕೊಂಡು ಕಳಚೋ ಚಾನ್ಸ್ ಇದೆ.

ಹೊಸ ಸ್ಟ್ರಟ್ಟಿನ ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಚ್ಬೇಡಿ, ಹಚ್ಚೋಕೂ ಬಿಡ್ಬೇಡಿ. ಗನ್ನು ನಟ್ಟಿನ ಜೊತೆ ಶಾಫ್ಟನ್ನೂ ಗರಗರ ತಿರುಗಿಸತ್ತೆ, ಒಳಗಿನ ಸೀಲು ಹೊಸದರಲ್ಲೇ ಕೆಡತ್ತೆ. ಅಲೆನ್ ಕೀ ಹಾಕಿ ಶಾಫ್ಟ್ ಹಿಡ್ಕೊಂಡು ಕೈಯಲ್ಲೇ ಬಿಗಿ ಮಾಡಿ, ಕೊನೇಲಿ ಟಾರ್ಕ್ ರೆಂಚು, ಕಿಟ್ಟಿನ ಪುಸ್ತಕದಲ್ಲಿರೋ ನಂಬರಿಗೆ.

ಬೂಟು, ಅಂದ್ರೆ ಶಾಫ್ಟಿಗೆ ಧೂಳು ತಾಗದ ಹಾಗೆ ಮುಚ್ಚೋ ರಬ್ಬರು, ಇಳಿಸೋ ಮುಂಚೆ ಶಾಫ್ಟಿನ ಬುಡಕ್ಕೆ, ಶಾಕಿನ ಕೊಳವೆಗೆ ತಾಗೋ ಹಾಗೆ, ಒಂದು ಕೇಬಲ್ ಟೈ ಕಟ್ಟಿ ತುದಿ ಕತ್ತರಿಸಿ. ಯಾಕೆ ಅಂತ ಮುಂದೆ ಹೇಳ್ತೀನಿ.

6. ಹಿಂದಿಂದು

ಇದು ಸುಲಭ. ಬೀಮಿನ ಕೆಳಗೆ ಜಾಕಿ ಇಟ್ಟು, ಎರಡೂ ಶಾಕಿನ ಕೆಳಗಿನ ಬೋಲ್ಟ್ ತೆಗೆದು ಬೀಮನ್ನ ನಿಧಾನ ಇಳಿಸಿದ್ರೆ ಸ್ಪ್ರಿಂಗು ಕೈಗೇ ಬರತ್ತೆ. ಇಳಿಸೋವಾಗ ಒಂದು ಕಣ್ಣು ಬ್ರೇಕ್ ಹೋಸಿನ ಮೇಲೆ ಇರ್ಲಿ. ಹೈಟ್ ರಿಂಗು ಸ್ಪ್ರಿಂಗಿನ ಮೇಲ್ಗಡೆಯೋ ಕೆಳಗಡೆಯೋ ಬೇರೆಯಾಗಿ ಕೂರತ್ತೆ, ಅದರ ರಬ್ಬರ್ ಪ್ಯಾಡು ಮರೀಬೇಡಿ, ಮರೆತ್ರೆ ಕೀಂಯ್ ಕೀಂಯ್.

7. ಹೈಟ್ ಸೆಟ್ ಮಾಡೋದು

ಸ್ಟಾಕ್ ಪೋಲೋದ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಎಂಎಂ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿರೋ ಪ್ರಕಾರ ಹಂಪು ಅಂದ್ರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂಥ ಹಂಪು ಮಾತ್ರ ಇದ್ದಿದ್ರೆ 40 ಎಂಎಂ ಇಳಿಸಿದ್ರೂ ನಡೀತಿತ್ತು, ಆದ್ರೆ ನಮ್ಮ ಲೇಔಟುಗಳಲ್ಲಿ ರಾತ್ರೋರಾತ್ರಿ ಹಾಕೋ ಹಂಪು ಒಂದು ಹೆಜ್ಜೆ ಅಗಲ, ಗೋಡೆ ಥರ ಎದ್ದಿರತ್ತೆ. ನಾನು ಹೇಳೋದು 20ರಿಂದ 25 ಎಂಎಂ. 374 ಇದ್ದಿದ್ದು 350ಕ್ಕೆ ಬಂದ್ರೆ ಸಾಕು, ನೋಡೋಕೂ ಚೆನ್ನಾಗೇ ಕಾಣತ್ತೆ.

ಇನ್ನೂ ಇಳಿಸಿದ್ರೆ ಏನಾಗತ್ತೆ ಅಂತ ಗೊತ್ತಾಗ್ಬೇಕಾದ್ರೆ ಬಗ್ಗಿ ಲೋವರ್ ಆರ್ಮ್ ನೋಡಿ. ಸ್ಟಾಕಲ್ಲಿ ಅದು ಒಳಗಿನ ಬುಷ್ಷಿಂದ ಹೊರಗಿನ ಬಾಲ್ ಜಾಯಿಂಟಿಗೆ ಸ್ವಲ್ಪ ಇಳಿಜಾರಾಗಿ ಹೋಗಿರತ್ತೆ. ಇಳಿಸ್ತಾ ಇಳಿಸ್ತಾ ಮಟ್ಟ ಆಗತ್ತೆ, ಆಮೇಲೆ ಉಲ್ಟಾ. ಬಾಲ್ ಜಾಯಿಂಟು ಬುಷ್ಷಿಗಿಂತ ಮೇಲೆ ಹೋಯ್ತು ಅಂದ್ರೆ ಮ್ಯಾಕ್‌ಫರ್ಸನ್ ಸಸ್ಪೆನ್ಷನ್ನಲ್ಲಿ ರೋಲ್ ಸೆಂಟರು, ಅಂದ್ರೆ ತಿರುವಲ್ಲಿ ಬಾಡಿ ವಾಲೋಕೆ ಕೀಲಿನ ಥರ ಇರೋ ಬಿಂದು, ಕಾರು ಇಳಿದಿದ್ದಕ್ಕಿಂತ ಜಾಸ್ತಿ ಕೆಳಗೆ ಹೋಗಿರತ್ತೆ, ಕಾರು ಮೊದಲಿಗಿಂತ ಜಾಸ್ತಿ ವಾಲೋಕೆ ನೋಡತ್ತೆ, ವಾಲಿದಾಗ ಟೈರು ರೋಡಿಗೆ ನೆಟ್ಟಗೆ ಕೂರಲ್ಲ, ಗುಂಡಿ ಸಿಕ್ಕಿದ್ರೆ ಸ್ಟೀರಿಂಗ್ ತಾನಾಗೇ ಎಳೆಯತ್ತೆ. ಅಂದ್ರೆ ಕಾಸು ಕೊಟ್ಟು ಕಾರು ಕೆಡಿಸ್ಕೊಂಡ ಹಾಗೆ. ಆರ್ಮ್ ಮಟ್ಟ ಆಗೋ ಜಾಗಾನೇ ನಿಮ್ಮ ಕೊನೇ ಗೆರೆ.

ಪ್ರತಿ ಸಲ ಹೈಟ್ ಬದಲಾಯಿಸಿದ್ಮೇಲೂ ಕಾರು ಇಳಿಸಿ, ಒಂದು ನೂರು ಮೀಟರ್ ಮುಂದೆ ಹಿಂದೆ ಓಡಿಸಿ, ಆಮೇಲೆ ಅಳೀರಿ. ಜಾಕಿಯಿಂದ ಇಳಿದ ತಕ್ಷಣ ಟೈರು ಒಳಗಡೆಗೆ ಕಚ್ಕೊಂಡು ಕಾರು ಎತ್ತರಕ್ಕೇ ನಿಂತಿರತ್ತೆ, ಆ ಅಳತೆ ಸುಳ್ಳು.

8. ಪ್ರೀಲೋಡ್ ಬಗ್ಗೆ ಇರೋ ಗೊಂದಲ

ಪ್ರೀಲೋಡ್ ಅಂದ್ರೆ ಕಾರಿನ ಭಾರ ಬೀಳೋ ಮುಂಚೇನೇ ರಿಂಗ್ ತಿರುಗಿಸಿ ಸ್ಪ್ರಿಂಗನ್ನ ಅದುಮಿಡೋದು. "ಪ್ರೀಲೋಡ್ ಜಾಸ್ತಿ ಮಾಡಿ, ಗಟ್ಟಿ ಆಗತ್ತೆ" ಅಂತ ಗ್ಯಾರೇಜಲ್ಲಿ ಹೇಳ್ತಾರೆ. ಒಂದೇ ಸಮ ಸುರುಳಿ ಇರೋ ಸ್ಪ್ರಿಂಗಲ್ಲಿ ಅದು ತಪ್ಪು. ಲೆಕ್ಕ ನೋಡಿ: ಮೂಲೆ ಭಾರ 300 ಕೆ.ಜಿ., ಸ್ಪ್ರಿಂಗು 5 ಕೆ.ಜಿ., ಕಾರು ಕೂತಾಗ 60 ಎಂಎಂ ಅದುಮತ್ತೆ. ಮೊದಲೇ 10 ಎಂಎಂ ಅದುಮಿಟ್ಟಿದ್ರೆ ಕೂತಾಗ ಇನ್ನು 50 ಎಂಎಂ ಮಾತ್ರ ಇಳಿಯತ್ತೆ. ಸ್ಪ್ರಿಂಗು ಅದೇ 5 ಕೆ.ಜಿ.ದೇ. ಬದಲಾಗಿದ್ದು ಇಷ್ಟೇ, ಕಾರು 10 ಎಂಎಂ ಎತ್ತರಕ್ಕೆ ಬಂತು, ಚಕ್ರ ಗುಂಡಿಯೊಳಗೆ ಇಳಿಯೋಕೆ ಇದ್ದ ಜಾಗ 60ರಿಂದ 50ಕ್ಕೆ ಬಂತು. ಆ ಇಳಿಯೋ ಜಾಗಕ್ಕೆ ಡ್ರೂಪ್ ಅಂತಾರೆ. ನಮ್ಮ ರೋಡಲ್ಲಿ ಗುಂಡಿಗೆ ಬರ ಇಲ್ಲ, ಡ್ರೂಪ್ ಇಲ್ಲದ ಕಾರು ಗುಂಡಿ ಸಿಕ್ಕಾಗ ಚಕ್ರ ನೇತಾಡಿಸ್ಕೊಂಡು ಧಡ್ ಅಂತ ಬೀಳತ್ತೆ.

ಪೂರ್ತಿ ಉದ್ದ ಬದಲಾಗೋ ಕಿಟ್ಟಾದ್ರೆ ಚಕ್ರ ಗಾಳೀಲಿದ್ದಾಗ ಸ್ಪ್ರಿಂಗು ಕೈಯಲ್ಲಿ ಅಲ್ಲಾಡದಷ್ಟು ರಿಂಗ್ ತಾಗಿಸಿ, ಅದರ ಮೇಲೆ ಎರಡ್ಮೂರು ಎಂಎಂ, ಅಷ್ಟು ಸಾಕು. ಹೈಟನ್ನ ಕೆಳಗಿನ ಬ್ರಾಕೆಟ್ಟಲ್ಲೇ ಮಾಡಿ. ಒಟ್ಟು ಟ್ರಾವೆಲಲ್ಲಿ ಮೂರರಲ್ಲಿ ಒಂದು ಪಾಲಾದ್ರೂ ಡ್ರೂಪಿಗೆ ಉಳೀಲಿ.

ಈಗ ಆ ಕೇಬಲ್ ಟೈ. ನಿಮ್ಮ ದಿನದ ರೋಡಲ್ಲಿ, ನಿಮ್ಮ ಏರಿಯಾದ ಅತಿ ಕೆಟ್ಟ ಹಂಪೂ ಸೇರಿಸಿ, ನಾಲ್ಕು ಜನ ಕೂರಿಸ್ಕೊಂಡು ಒಂದು ರೌಂಡ್ ಹೋಗಿ ಬನ್ನಿ. ಬೂಟ್ ಎತ್ತಿ ನೋಡಿ. ಶಾಫ್ಟು ಎಷ್ಟು ಒಳಗೆ ಹೋಗಿತ್ತೋ ಟೈ ಅಷ್ಟು ಮೇಲಕ್ಕೆ ತಳ್ಳಿಸ್ಕೊಂಡು ಅಲ್ಲೇ ನಿಂತಿರತ್ತೆ, ಅದರ ಹಿಂದೆ ಶಾಫ್ಟಿನ ಮೇಲೆ ತೆಳ್ಳಗೆ ಎಣ್ಣೆ ಒರೆಸಿದ ಹೊಳಪು ಕಾಣತ್ತೆ. ಟೈ ಬಂಪ್ ಸ್ಟಾಪಿಗೆ, ಅಂದ್ರೆ ಕೊನೇಲಿ ತಡೆಯೋ ಆ ಸ್ಪಂಜಿನಂಥ ರಬ್ಬರಿಗೆ, ಒಂದೆರಡು ಎಂಎಂ ತಾಗಿದ್ರೆ ಪರ್ವಾಗಿಲ್ಲ. ಅದರೊಳಗೇ ಹೂತ್ಕೊಂಡಿದ್ರೆ ಶಾಕು ಜಾಸ್ತಿ ಅದುಮ್ತಿದೆ ಅಂತ ಅರ್ಥ, ಸ್ಪ್ರಿಂಗಿನ ರಿಂಗಲ್ಲೇ 5 ಎಂಎಂ ಏರಿಸಿ (ಕೆಳಗಿನ ಬ್ರಾಕೆಟ್ ತಿರುಗಿಸಿದ್ರೆ ಶಾಕಿನ ಟ್ರಾವೆಲ್ ಬದಲಾಗಲ್ಲ), ಟೈ ಕೆಳಗೆ ತಳ್ಳಿ, ಮತ್ತೆ ಹೋಗಿ ಬನ್ನಿ. ಸಾವಿರಾರು ರೂಪಾಯಿ ಸೆನ್ಸರ್ ಹೇಳೋದನ್ನ ಎರಡು ರೂಪಾಯಿ ಟೈ ಹೇಳತ್ತೆ. ರೈಡು ಕಲ್ಲು ಥರ ಇದೆ, ಸ್ಪ್ರಿಂಗ್ ಗಟ್ಟಿ ಅಂತ ದೂರೋರಲ್ಲಿ ಬಹಳ ಜನರ ಕಾರು ಸ್ಪ್ರಿಂಗ್ ಮೇಲೆ ಓಡ್ತಾನೇ ಇರಲ್ಲ, ಬಂಪ್ ಸ್ಟಾಪ್ ಮೇಲೆ ಓಡ್ತಿರತ್ತೆ.

9. ಬುಷ್ಷು ಬಿಗಿ ಮಾಡೋದು, ಅಲೈನ್‌ಮೆಂಟು

ಲೋವರ್ ಆರ್ಮಿನ ಬುಷ್ ಬೋಲ್ಟನ್ನ ಚಕ್ರ ಗಾಳೀಲಿ ನೇತಾಡ್ತಿರೋವಾಗ ಬಿಗಿ ಮಾಡ್ಬಾರ್ದು. ರಬ್ಬರು ಆ ಕೋನದಲ್ಲೇ ಕಚ್ಕೊಳತ್ತೆ, ಕಾರು ಇಳಿಸಿದಾಗಿಂದ ಸದಾ ತಿರುಚ್ಕೊಂಡೇ ಇರತ್ತೆ. ನನ್ನ ಕಾರಿಗೆ ಒಂದು ಗ್ಯಾರೇಜಲ್ಲಿ ಹೀಗೇ ಮಾಡಿದ್ರು, ನಾಲ್ಕು ತಿಂಗಳಿಗೆ ಎರಡೂ ಬುಷ್ ಸೀಳಿತ್ತು, ಹೊಸ ಹೈಟಿಗೆ ಇಳಿದ್ಮೇಲೆ ಬೋಲ್ಟ್ ಸಡಿಲ ಮಾಡಿ ಕಾರಿನ ಭಾರ ಚಕ್ರದ ಮೇಲಿದ್ದಾಗ ಬಿಗಿ ಮಾಡಿದ್ರೆ ಆ ಖರ್ಚೇ ಇರ್ತಿರಲಿಲ್ಲ. ನೀವು ಪಕ್ಕದಲ್ಲೇ ನಿಂತು ಮಾಡಿಸಿ.

ಆಮೇಲೆ ಒಂದು 200 ಕಿಲೋಮೀಟರ್ ಓಡಿಸಿ, ಹೊಸ ಸ್ಪ್ರಿಂಗು ಸ್ವಲ್ಪ ಕೂರತ್ತೆ, ಹೈಟ್ ಮತ್ತೆ ಅಳೆದು ತಿದ್ದಿ, ಆಗ ಅಲೈನ್‌ಮೆಂಟಿಗೆ ಹೋಗಿ. ಆದ್ರೆ ಕೂರಿಸಿದ ದಿನಾನೇ ಸ್ಟೀರಿಂಗ್ ವಕ್ರ ಬಂದ್ರೆ ಕಾಯ್ಬೇಡಿ, ಟೋ ಮಾತ್ರ ಅವತ್ತೇ ಸರಿ ಮಾಡಿಸಿ, ಇಲ್ಲಾಂದ್ರೆ 200 ಕಿಲೋಮೀಟರಲ್ಲೇ ಟೈರು ತಿಂದ್ಹಾಕತ್ತೆ.

ಕ್ಯಾಂಬರ್ ಅಂದ್ರೆ ಮುಂದಿಂದ ನೋಡಿದಾಗ ಟೈರಿನ ತಲೆ ಒಳಗೋ ಹೊರಗೋ ವಾಲಿರೋದು, ಒಳಗಡೆಗೆ ವಾಲಿದ್ರೆ ಮೈನಸ್. ರೋಡಿಗೆ ಮೈನಸ್ 1ರಿಂದ 1.5 ಡಿಗ್ರಿ, ಟ್ರ್ಯಾಕಿಗೆ ಮೈನಸ್ 2ರಿಂದ 2.5. ಟೋ ಅಂದ್ರೆ ಮೇಲಿಂದ ನೋಡಿದಾಗ ಎರಡೂ ಟೈರಿನ ಮೂತಿ ಒಳಗೋ ಹೊರಗೋ ತಿರುಗಿರೋದು. ಮುಂದೆ ಸೊನ್ನೆ ಇಡಿ. ಹಿಂದಿನ ಬೀಮಲ್ಲಿ ತಿದ್ದೋಕೆ ಏನೂ ಇರಲ್ಲ, ರೀಡಿಂಗ್ ಮಾತ್ರ ಪ್ರಿಂಟ್ ತಗೊಳಿ, ಒಂದು ಕಡೆ ತೀರಾ ಬೇರೆ ಇದ್ರೆ ಬೀಮು ಎಲ್ಲೋ ಹೊಡೆಸ್ಕೊಂಡಿದೆ ಅಂತ ಗೊತ್ತಾಗತ್ತೆ. ಇಎಸ್‌ಪಿ (ಕಾರು ಜಾರಿದಾಗ ತಾನಾಗೇ ಬ್ರೇಕ್ ಹಿಡಿದು ಸರಿ ಮಾಡೋ ವ್ಯವಸ್ಥೆ) ಇರೋ ಕಾರಾದ್ರೆ ಸ್ಟೀರಿಂಗ್ ಆಂಗಲ್ ಸೆನ್ಸರ್ ರೀಸೆಟ್ ಮಾಡಿಸಿ. ಹೆಡ್‌ಲೈಟಿನ ಮಟ್ಟಾನೂ ನೋಡಿ, ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಇಳಿಸಿದ್ರೆ ಬೆಳಕು ಎದುರಿಂದ ಬರೋರ ಕಣ್ಣಿಗೆ ಹೊಡೆಯತ್ತೆ.

ತಕ್ಕಡಿ ಇರೋ ಜಾಗ ಸಿಕ್ಕಿದ್ರೆ ಕಾರ್ನರ್ ವೇಟ್ ಮಾಡಿಸಿ, ಅಂದ್ರೆ ನಾಲ್ಕು ಚಕ್ರದ ಕೆಳಗೆ ನಾಲ್ಕು ತಕ್ಕಡಿ ಇಟ್ಟು ತೂಗೋದು. ನೀವು ಸೀಟಲ್ಲಿ ಕೂತಿರ್ಬೇಕು ಅಥವಾ ನಿಮ್ಮಷ್ಟೇ ಭಾರ ಇಟ್ಟಿರ್ಬೇಕು, ನಮ್ಮ ಕಾರಲ್ಲಿ ಡ್ರೈವರ್ ಬಲಗಡೆ ಕೂರೋದ್ರಿಂದ ಖಾಲಿ ತೂಗಿದ್ರೆ ಏನೂ ಪ್ರಯೋಜನ ಇಲ್ಲ. ಆಂಟಿ ರೋಲ್ ಬಾರಿನ, ಅಂದ್ರೆ ಎಡ ಬಲ ಚಕ್ರ ಜೋಡಿಸಿ ಕಾರು ವಾಲೋದನ್ನ ತಡೆಯೋ ಸರಳಿನ, ಒಂದು ಲಿಂಕ್ ಬಿಚ್ಚಿರ್ಲಿ. ಮುಂದೆ ಬಲ ಮತ್ತೆ ಹಿಂದೆ ಎಡ ಕೂಡಿದ್ರೆ ಒಟ್ಟು ತೂಕದ ಅರ್ಧ ಬರ್ಬೇಕು. ಒಂದು ಮೂಲೆ ಏರಿಸಿದ್ರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ಭಾರ ಸೇರತ್ತೆ, ಅಷ್ಟು ಗೊತ್ತಿದ್ರೆ ಮಿಕ್ಕಿದ್ದು ತಾಳ್ಮೆ. ತಕ್ಕಡಿ ಸಿಗಲಿಲ್ಲ ಅಂದ್ರೆ ಎಡ ಬಲ ಹೈಟ್ ಸಮ ಇಟ್ಟು ಸುಮ್ನಿರಿ.

10. ಡ್ಯಾಂಪಿಂಗ್ ಕ್ಲಿಕ್ಕು

ಇದು ಕೊನೇಲೇ ಮಾಡ್ಬೇಕು, ಹೈಟು ಅಲೈನ್‌ಮೆಂಟು ಎಲ್ಲಾ ಮುಗಿದ್ಮೇಲೆ. ಎಷ್ಟು ಕ್ಲಿಕ್ ಇಡ್ಲಿ ಅಂತ ನನ್ನ ಕೇಳಿದ್ರೆ ನಾನು ಹೇಳೋ ನಂಬರು ನಿಮ್ಮ ಕಾರಿಗೆ ಆಗಲ್ಲ, ಹುಡುಕೋ ದಾರಿ ಹೇಳ್ತೀನಿ.

ನಾಬನ್ನ ಬಿಗಿ ಕಡೆಗೆ ನಿಧಾನ ತಿರುಗಿಸಿ, ಅದು ನಿಲ್ಲೋ ಜಾಗ ಸೊನ್ನೆ. ಒತ್ತಾಯ ಮಾಡ್ಬೇಡಿ, ಒಳಗೆ ಸೂಜಿ ಥರದ ವಾಲ್ವ್ ಇರತ್ತೆ, ಹಾಳಾಗತ್ತೆ. ಅಲ್ಲಿಂದ ಹಿಂದಕ್ಕೆ ಎಣಿಸಿ. 30 ಕ್ಲಿಕ್ಕಿಂದಾದ್ರೆ ನಾಲ್ಕೂ 15ರಲ್ಲಿ ಇಡಿ. ಟೈರ್ ಗಾಳಿ ಸರಿ ಮಾಡಿ, ಗೊತ್ತಿರೋ ಒಂದೇ ರೋಡಲ್ಲಿ ಒಂದೇ ಸ್ಪೀಡಲ್ಲಿ ಹೋಗಿ. ಆಮೇಲೆ ನಾಲ್ಕೂ 5 ಕ್ಲಿಕ್ ಮೆತ್ತಗೆ, ಅದೇ ರೋಡು. ಆಮೇಲೆ 5 ಬಿಗಿ, ಅದೇ ರೋಡು. ಈ ಮೂರು ರೌಂಡಲ್ಲಿ ನಿಮ್ಮ ಬೆನ್ನಿಗೇ ಪಾಠ ಆಗಿರತ್ತೆ. ಹಂಪು ದಾಟಿದ್ಮೇಲೆ ಕಾರು ಇನ್ನೊಂದ್ಸಲ ಎದ್ದು ಕೂತ್ರೆ ಡ್ಯಾಂಪಿಂಗ್ ಕಮ್ಮಿ. ಒಂದೇ ಸಲ ಎದ್ದು ಸುಮ್ಮನಾದ್ರೆ ಸರಿ. ಸಾಲು ಸಾಲು ಉಬ್ಬಿರೋ ರೋಡಲ್ಲಿ ಹೋಗ್ತಾ ಹೋಗ್ತಾ ಕಾರು ಇನ್ನೂ ಕುಗ್ಗಿ ಗಟ್ಟಿ ಆದಂಗೆ ಅನಿಸಿದ್ರೆ ರಿಬೌಂಡ್ ಜಾಸ್ತಿ ಆಗಿದೆ, ಶಾಕು ಬಿಚ್ಕೊಳೋ ಮುಂಚೆ ಮುಂದಿನ ಉಬ್ಬು ಬಂದು ಇನ್ನಷ್ಟು ಅದುಮ್ತಾ ಇದೆ, ಎರಡು ಕ್ಲಿಕ್ ಬಿಡಿ. ಒಂದು ನಾಬಿನ ಕಿಟ್ಟುಗಳಲ್ಲಿ ಹೆಚ್ಚಾಗಿ ತಿರುಗೋದು ರಿಬೌಂಡೇ, ಕಂಪ್ರೆಷನ್ ಅದರ ಜೊತೆ ಸ್ವಲ್ಪ ಬರತ್ತೆ, ಹಾಗಾಗಿ ಚೂಪು ಗುಂಡಿಯ ಏಟನ್ನ ನಾಬಲ್ಲಿ ಪೂರ್ತಿ ಕಳೆಯೋಕಾಗಲ್ಲ.

ಮುಂದೆ ಹಿಂದೆ ಬೇರೆ ಬೇರೆ ತಿರುಗಿಸೋದು ಆಮೇಲೆ. ಫ್ರಂಟ್ ವೀಲ್ ಡ್ರೈವ್ ಕಾರು ತಿರುವಿಗೆ ಹಾಕಿದಾಗ ಮೂತಿ ಹೊರಗೆ ಜಾರ್ತಿದ್ರೆ ಹಿಂದೆ ಎರಡು ಕ್ಲಿಕ್ ಬಿಗಿ ಮಾಡಿ ನೋಡಿ, ಮೂತಿ ಚುರುಕಾಗತ್ತೆ. ಆದ್ರೆ ಮಳೇಲಿ ಅದೇ ಸೆಟಪ್ಪು ಹಿಂಬದಿ ಬೀಸೋ ಥರ ಮಾಡತ್ತೆ, ಜೂನ್ ಬರ್ತಿದ್ದಂಗೆ, ಅದ್ರಲ್ಲೂ ಆಗುಂಬೆ ಚಾರ್ಮಾಡಿ ಕಡೆ ಹೊರಟಿದ್ರೆ, ಹಿಂದಿಂದು ವಾಪಸ್ ಮೆತ್ತಗೆ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದೂ ನೋಟ್‌ಬುಕ್ಕಿಗೆ.

ಟ್ರ್ಯಾಕಿಗೆ ಹೋದಾಗ ಮೊದಲು ರೋಡ್ ಸೆಟ್ಟಿಂಗಲ್ಲೇ ಐದಾರು ಲ್ಯಾಪ್ ಹಾಕಿ. ಕರಿ ಸುಮಾರು 2.1 ಕಿಲೋಮೀಟರಿನ ಗಿಡ್ಡ ಟ್ರ್ಯಾಕು, ತಿರುವು ಬೇಗ ಬೇಗ ಬರತ್ತೆ. ಚೆನ್ನೈಯಿಂದು 3.7 ಕಿಲೋಮೀಟರು, ವೇಗದ ತಿರುವು ಇದೆ, ಅಲ್ಲಿ ಕಾರು ನೆಮ್ಮದಿಯಾಗಿ ಕೂರೋದು ಮುಖ್ಯ. ಟೈರ್ ಬಿಸಿ ಆದ್ಮೇಲೆ ಗಾಳಿ ಏರಿರತ್ತೆ, ಮೊದಲು ಅದನ್ನ ಸರಿ ಮಾಡಿ, ಆಮೇಲೆ ಕ್ಲಿಕ್ ಮುಟ್ಟಿ.

11. ಮೇಂಟೆನೆನ್ಸ್

ಮೊದಲ ಸಾವಿರ ಕಿಲೋಮೀಟರಿಗೆ ಎಲ್ಲಾ ನಟ್ಟೂ ಟಾರ್ಕ್ ರೆಂಚಲ್ಲಿ ಮತ್ತೆ ನೋಡಿ, ಲಾಕ್ ರಿಂಗುಗಳನ್ನೂ ಸೇರಿಸಿ. ರಿಂಗ್ ಸಡಿಲ ಆದ್ರೆ ಮೊದಲು ಸಣ್ಣಗೆ ಟಿಕ್ ಟಿಕ್ ಕೇಳತ್ತೆ, ಆಮೇಲೆ ಒಂದು ಮೂಲೆ ಇಳಿಯತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೊಂಯ್ ಅಂತ ಸ್ಪ್ರಿಂಗ್ ಸದ್ದು ಬಂದ್ರೆ ಟಾಪ್ ಮೌಂಟ್ ಬೇರಿಂಗ್ ಸರಿಯಾಗಿ ಕೂತಿಲ್ಲ.

ಮಳೆಗಾಲದಲ್ಲಿ ಕೆಂಪು ಮಣ್ಣು ಥ್ರೆಡ್ಡೊಳಗೆ ಹೋಗಿ ಒಣಗಿದ್ರೆ ಸಿಮೆಂಟ್ ಥರ ಆಗತ್ತೆ. ಮಂಗಳೂರು ಉಡುಪಿ ಕಡೆಯೋರಿಗೆ ಉಪ್ಪು ಗಾಳೀನೂ ಸೇರತ್ತೆ, ನೀವು ಸ್ಟೇನ್‌ಲೆಸ್ ಬಾಡಿ ಇರೋ ಕಿಟ್ಟೇ ನೋಡಿ. ತಿಂಗಳಿಗೊಂದ್ಸಲ ಮೆತ್ತಗಿನ ಬ್ರಷ್ಷು, ಸೋಪ್ ನೀರು, ಒಣಗಿಸಿ ಒಣ ಲೂಬ್ರಿಕೆಂಟ್ ಸ್ಪ್ರೇ. ಗ್ರೀಸ್ ಬಳೀಬೇಡಿ, ಮರಳು ಹಿಡ್ಕೊಂಡು ಅರದ ಥರ ಉಜ್ಜತ್ತೆ. ಹೈ ಪ್ರೆಷರ್ ವಾಟರ್ ಗನ್ನನ್ನ ಶಾಫ್ಟಿನ ಸೀಲ್ ಹತ್ರ ಹಿಡಿಯೋಕೆ ಬಿಡ್ಬೇಡಿ. ಹೈಟ್ ಬದಲಾಯಿಸೋ ದಿನ ಥ್ರೆಡ್ ಶುಚಿ ಮಾಡದೆ ರಿಂಗ್ ತಿರುಗಿಸಿದ್ರೆ ಅಲ್ಯೂಮಿನಿಯಂ ರಿಂಗು ಅರ್ಧ ದಾರೀಲಿ ಕಚ್ಕೊಂಡು ಈ ಕಡೆಗೂ ಬರಲ್ಲ ಆ ಕಡೆಗೂ ಹೋಗಲ್ಲ, ಹಾಗಾದಾಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೀಬೇಡಿ, ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಚೂರು ಚೂರೇ ಹಿಂದೆ ಮುಂದೆ ಮಾಡಿ ಬಿಡಿಸ್ಕೊಳಿ.